ಎಲ್ಯೂಸಿಸ್‌ನ ಮುಚ್ಚಿದ ಬುಟ್ಟಿ

ಹೋದ ತಿಂಗಳು ಅಕ್ಕನ ಮಗ ಒಂದು ವಿಡಿಯೋ ಕಳಿಸಿದ. ಎರಡು ಸಾವಿರ ವರ್ಷ ಯಾರೂ ಬಾಯಿಬಿಡದೆ ಕಾಪಾಡಿಕೊಂಡು ಬಂದಿದ್ದ ಗ್ರೀಕರ ರಹಸ್ಯವೊಂದು ಈಗ ಬಯಲಾಗಿದೆ, ಅದು ಮತ್ತೇರಿಸುವ ಒಂದು ಪಾನೀಯ, ಅಷ್ಟೆ ಅನ್ನೋದು ಅದರ ಸಾರ. ಕೆಳಗೆ ಅವನ ಪ್ರಶ್ನೆ: "ಮಾಮಾ, ಇದು ನಿಜಾನಾ?" "ಗೊತ್ತಿಲ್ಲ ಕಣೋ, ಯಾರಿಗೂ ಗೊತ್ತಿಲ್ಲ" ಅಂತ ಬರೆದೆ. ಅವನು ಬಿಡಲಿಲ್ಲ. "ಹಿಸ್ಟರಿ ಓದಿದವನು ನೀನು. ನೀನೇ ಗೊತ್ತಿಲ್ಲ ಅಂದ್ರೆ ಹೇಗೆ?" ಅಂದ.

ಪ್ರಶ್ನೆ ನ್ಯಾಯವಾದದ್ದೇ. 'ಗೊತ್ತಿಲ್ಲ' ಅನ್ನುವುದರಲ್ಲೂ ಎರಡು ಥರ ಇದೆ. ಓದದೆ ಹೇಳುವ ಗೊತ್ತಿಲ್ಲ ಒಂದು, ಇರುವುದನ್ನೆಲ್ಲ ಓದಿ ಕೊನೆಗೆ ಹೇಳಬೇಕಾಗಿ ಬರುವ ಗೊತ್ತಿಲ್ಲ ಇನ್ನೊಂದು. ಎರಡನೆಯದನ್ನು ವಾಟ್ಸಾಪಿನಲ್ಲಿ ವಿವರಿಸೋದು ಕಷ್ಟ. ಅದಕ್ಕೇ ಈ ಬರಹ.

ಅಥೆನ್ಸ್‌ನಿಂದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಸಮುದ್ರದ ಅಂಚಿನಲ್ಲಿ ಎಲ್ಯೂಸಿಸ್ ಅನ್ನೋ ಊರಿದೆ. ಈಗಿನ ಹೆಸರು ಎಲೆಫ್ಸೀನಾ. ಇವತ್ತು ಅದು ಎಣ್ಣೆ ಶುದ್ಧೀಕರಣ, ಸಿಮೆಂಟು, ಹಡಗುಕಟ್ಟೆ ಅಂತ ಹೆಸರಾದ ಕೈಗಾರಿಕಾ ಪಟ್ಟಣ. ಹಿಂದೆ ಅಲ್ಲಿ ಡಿಮೀಟರ್ ಎಂಬ ದವಸದ ದೇವತೆಯ ಮತ್ತು ಆಕೆಯ ಮಗಳು ಪರ್ಸೆಫನಿಯ ಕ್ಷೇತ್ರವಿತ್ತು. ಕತೆ ನಿಮಗೆ ಗೊತ್ತಿರಬಹುದು. ಹೂ ಕೊಯ್ಯುತ್ತಿದ್ದ ಮಗಳನ್ನು ಪಾತಾಳದ ದೊರೆ ಹೇಡಿಸ್ ಹೊತ್ತೊಯ್ಯುತ್ತಾನೆ. ತಾಯಿ ಊಟ ನೀರು ಬಿಟ್ಟು ಹುಡುಕುತ್ತಾ ಮುದುಕಿಯ ವೇಷದಲ್ಲಿ ಎಲ್ಯೂಸಿಸ್‌ಗೆ ಬರುತ್ತಾಳೆ. ಆಕೆಯ ಸಿಟ್ಟಿಗೆ ಭೂಮಿಯಲ್ಲಿ ಬಿತ್ತಿದ ಒಂದು ಕಾಳೂ ಮೊಳೆಯುವುದಿಲ್ಲ. ಕೊನೆಗೆ ಮಗಳು ವರ್ಷದ ಮೂರನೇ ಒಂದು ಭಾಗ ಕೆಳಗೆ, ಉಳಿದ ಕಾಲ ಮೇಲೆ ಇರಬೇಕು ಅಂತ ರಾಜಿಯಾಗುತ್ತದೆ. ಡಿಮೀಟರ್ ಸಮಾಧಾನಗೊಂಡು ಆ ಊರಿನವರಿಗೆ ತನ್ನ ಆಚರಣೆಗಳನ್ನು ಕಲಿಸಿ ಹೋಗುತ್ತಾಳೆ.

ಆ ಆಚರಣೆಗಳೇ ಎಲ್ಯೂಸಿಸ್‌ನ ರಹಸ್ಯ ದೀಕ್ಷೆ. ಹತ್ತಿರ ಹತ್ತಿರ ಸಾವಿರ ವರ್ಷ ನಡೆಯಿತು. ಗ್ರೀಕ್ ಮಾತಾಡಬಲ್ಲ, ಕೈಗೆ ಕೊಲೆಯ ಕಳಂಕ ಅಂಟಿರದ ಯಾರು ಬೇಕಾದರೂ ದೀಕ್ಷೆ ಪಡೆಯಬಹುದಿತ್ತು. ಹೆಂಗಸರೂ, ಗುಲಾಮರೂ. ಅಥೆನ್ಸ್‌ನ ಸರ್ಕಾರ ತನ್ನ ಗುಲಾಮರಿಗೆ ಖಜಾನೆಯಿಂದ ದುಡ್ಡು ಕೊಟ್ಟು ದೀಕ್ಷೆ ಕೊಡಿಸಿದ ಲೆಕ್ಕ ಕ್ರಿ.ಪೂ. 329ರ ಒಂದು ಕಲ್ಲುಶಾಸನದಲ್ಲಿದೆ. ಸಿಸೆರೊ, ಅಗಸ್ಟಸ್, ಹೇಡ್ರಿಯನ್, ಮಾರ್ಕಸ್ ಅರೇಲಿಯಸ್ ಇವರೆಲ್ಲ ದೀಕ್ಷೆ ಪಡೆದವರೇ.

ಬಹಿರಂಗವಾಗಿ ನಡೆದದ್ದೆಲ್ಲ ನಮಗೆ ಚೆನ್ನಾಗಿಯೇ ಗೊತ್ತು. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಬರುವ ಬೋಡ್ರೋಮಿಯಾನ್ ತಿಂಗಳಲ್ಲಿ ಹಬ್ಬ. ದೀಕ್ಷೆ ಪಡೆಯುವವರು ಸಮುದ್ರಸ್ನಾನ ಮಾಡಬೇಕು, ಹಂದಿಮರಿ ಬಲಿ ಕೊಡಬೇಕು. ಆಮೇಲೆ ಅಥೆನ್ಸ್‌ನಿಂದ ಪವಿತ್ರ ಹಾದಿಯಲ್ಲಿ ಎಲ್ಯೂಸಿಸ್‌ಗೆ ದೊಡ್ಡ ಮೆರವಣಿಗೆ. ಹೈರೋಫ್ಯಾಂಟ್ ಎಂಬ ಮುಖ್ಯ ಅರ್ಚಕ ಯೂಮೋಲ್ಪಿಡ್ ಮನೆತನದವನು, ಪಂಜು ಹಿಡಿಯುವ ಅರ್ಚಕ ಕೆರಿಕಿಸ್ ಮನೆತನದವನು. ಇದೆಲ್ಲ ಶಾಸನಗಳಲ್ಲಿದೆ, ನಾಟಕಗಳಲ್ಲಿದೆ, ಹೂಜಿಗಳ ಮೇಲಿನ ಚಿತ್ರಗಳಲ್ಲಿದೆ. ಮೆರವಣಿಗೆ ಟೆಲೆಸ್ಟೀರಿಯನ್ ಎಂಬ ದೊಡ್ಡ ಸಭಾಮಂದಿರದ ಬಾಗಿಲು ತಲುಪಿ, ರಾತ್ರಿಯಾಗಿ, ಜನ ಒಳಗೆ ಹೋದರು ಅನ್ನೋವರೆಗೆ ನಾವೂ ಅವರ ಜೊತೆ ನಡೆಯಬಹುದು. ಅಲ್ಲಿಗೆ ಬಾಗಿಲು ಮುಚ್ಚುತ್ತದೆ.

ಒಳಗೆ ಏನು ನಡೆಯಿತು? ಅದನ್ನು ಹೇಳಬಲ್ಲವರು ಲಕ್ಷಾಂತರ ಜನ ಇದ್ದರು, ಹೇಳಿದವರಿಲ್ಲ.

ಯಾಕೆ ಹೇಳಲಿಲ್ಲ ಅನ್ನೋದಕ್ಕೆ ಭಕ್ತಿಯ ಜೊತೆಗೆ ಭಯವೂ ಕಾರಣ. ರಹಸ್ಯ ಹೊರಗೆಡಹಿದವನಿಗೆ ಮರಣದಂಡನೆ. ಕ್ರಿ.ಪೂ. 200ರಲ್ಲಿ ಅಕರ್ನೇನಿಯಾ ಪ್ರಾಂತದ ಇಬ್ಬರು ಹುಡುಗರು ಗುಂಪಿನ ಜೊತೆ ಗೊತ್ತಿಲ್ಲದೆ ದೇವಾಲಯದೊಳಗೆ ಹೋಗಿಬಿಟ್ಟರು. ಅವರು ಕೇಳಿದ ಪೆದ್ದು ಪ್ರಶ್ನೆಗಳಿಂದಲೇ ಸಿಕ್ಕಿಬಿದ್ದರು. ತಪ್ಪಿ ಬಂದವರು ಅಂತ ಸ್ಪಷ್ಟವಾಗಿದ್ದರೂ ಅವರನ್ನು ಕೊಂದರು ಅಂತ ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ. ನಾಟಕಕಾರ ಈಸ್ಕಿಲಸ್ ಮೇಲೂ ಇದೇ ಆರೋಪ ಬಂದಿತ್ತು. ಅದು ರಹಸ್ಯ ಅಂತ ತನಗೆ ತಿಳಿದಿರಲಿಲ್ಲ ಎಂದು ಆತ ಹೇಳಿದ ಪ್ರಸಂಗವನ್ನು ಅರಿಸ್ಟಾಟಲ್ ಉದಾಹರಣೆಯಾಗಿ ಎತ್ತಿಕೊಳ್ಳುತ್ತಾನೆ. ಕ್ರಿ.ಶ. ಎರಡನೇ ಶತಮಾನದಲ್ಲಿ ಗ್ರೀಸ್ ಪೂರ್ತಿ ಸುತ್ತಿ, ಕಂಡ ಗುಡಿಗೋಪುರಗಳನ್ನೆಲ್ಲ ಬರೆದಿಟ್ಟ ಪೌಸೇನಿಯಸ್ ಎಲ್ಯೂಸಿಸ್‌ನ ಗೋಡೆಯ ಹತ್ತಿರ ಬಂದು ಪೆನ್ನು ಕೆಳಗಿಡುತ್ತಾನೆ. ಗೋಡೆಯೊಳಗಿನದನ್ನು ಬರೆಯಬೇಡ ಅಂತ ತನಗೆ ಕನಸು ಬಿತ್ತು ಅನ್ನುತ್ತಾನೆ. ಬಾವಿ, ಹೊಲ, ಹೊರಗಿನ ಗುಡಿ ಎಲ್ಲದರ ಬಗ್ಗೆ ಬರೆದವನು ಇವನು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಮ್ಮ ಕೆಲಸ ಎಷ್ಟು ಸುಲಭವಾಗುತ್ತಿತ್ತು!

ಇದರಲ್ಲಿ ಒಂದು ತಮಾಷೆಯೂ ಇದೆ. ಈ ರಹಸ್ಯದ ಕುರಿತ ಅತಿ ದೊಡ್ಡ ಹಗರಣ ನಡೆದದ್ದು ಕ್ರಿ.ಪೂ. 415ರಲ್ಲಿ. ಅಥೆನ್ಸ್‌ನ ಶ್ರೀಮಂತ ಹುಡುಗರು ಮನೆಯಲ್ಲಿ ಕುಡಿದು ದೀಕ್ಷೆಯ ವಿಧಿಗಳನ್ನು ಅಣಕ ಮಾಡಿದರು, ದಂಡನಾಯಕ ಆಲ್ಸಿಬಿಯಾಡಿಸ್ ಸ್ವತಃ ಹೈರೋಫ್ಯಾಂಟನ ವೇಷ ಹಾಕಿದ್ದ ಅಂತ ದೂರು. ಅವನು ಸಿಸಿಲಿಯ ದಂಡಯಾತ್ರೆಯ ನಡುವೆಯೇ ಓಡಿಹೋಗಿ ಶತ್ರು ಸ್ಪಾರ್ಟಾವನ್ನು ಸೇರಿಕೊಂಡ. ಈ ಹಗರಣದ ದಾಖಲೆಗಳು ನಮಗೆ ಎಷ್ಟು ಬೇಕೋ ಅಷ್ಟು ಸಿಕ್ಕಿವೆ. ಆರೋಪಿಗಳಲ್ಲಿ ಒಬ್ಬನಾದ ಆಂಡೋಕಿಡೀಸ್ ಕೋರ್ಟಿನಲ್ಲಿ ಮಾಡಿದ ಭಾಷಣ ಪೂರ್ತಿ ಉಳಿದಿದೆ. ಜಪ್ತಿಯಾದ ಆಸ್ತಿಯ ಹರಾಜು ಪಟ್ಟಿ ಕೆತ್ತಿದ ಕಲ್ಲುಗಳ ತುಂಡುಗಳು ಉತ್ಖನನದಲ್ಲಿ ಸಿಕ್ಕಿವೆ. ಮಂಚ, ಹಾಸಿಗೆ, ಗುಲಾಮರು, ಯಾವುದು ಎಷ್ಟಕ್ಕೆ ಹೋಯಿತು ಅನ್ನೋದೂ ಗೊತ್ತು. ಆದರೆ ಅಣಕದಲ್ಲಿ ಏನು ಮಾಡಿದರು? ಸಭೆಯಲ್ಲಿ ಆ ವಿಷಯದ ಸಾಕ್ಷಿ ಹೇಳುವ ಹೊತ್ತಿಗೆ ದೀಕ್ಷೆ ಆಗದವರನ್ನೆಲ್ಲ ಹೊರಗೆ ಕಳಿಸಿದರು ಅಂತ ಆಂಡೋಕಿಡೀಸ್ ಹೇಳುತ್ತಾನೆ. ನಾವೂ ಹೊರಗೆ ಹೋದವರ ಸಾಲಿನಲ್ಲೇ. ಸಾಮಾನಿನ ಪಟ್ಟಿ ಉಳಿಯಿತು, ಅಪರಾಧದ ವಿವರ ಉಳಿಯಲಿಲ್ಲ.

ಹಾಗಾದರೆ ಒಳಗಿನದನ್ನು ಕುರಿತು ಯಾರೂ ಏನೂ ಬರೆದೇ ಇಲ್ಲವಾ? ಬರೆದಿದ್ದಾರೆ. ಆದರೆ ಬರೆದವರು ಆ ಪಂಥದ ವಿರೋಧಿಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲನೆಯವನು ಕ್ರಿ.ಶ. 200ರ ಆಸುಪಾಸಿನ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್. ಕ್ರೈಸ್ತ ವಿದ್ವಾಂಸ. ದೀಕ್ಷೆ ಪಡೆದವರು ಹೇಳಿಕೊಳ್ಳುವ ಸಂಕೇತವಾಕ್ಯ ಇದು ಅಂತ ಒಂದನ್ನು ಕೊಡುತ್ತಾನೆ. ಅದರ ತಾತ್ಪರ್ಯ ಇಷ್ಟು: ಉಪವಾಸ ಮಾಡಿದೆ, ಕಿಕಿಯಾನ್ ಎಂಬ ಪಾನೀಯ ಕುಡಿದೆ, ಮುಚ್ಚಿದ ಪೆಟ್ಟಿಗೆಯಿಂದ ತೆಗೆದುಕೊಂಡೆ, ಮಾಡುವುದನ್ನು ಮಾಡಿ ಬುಟ್ಟಿಯಲ್ಲಿಟ್ಟೆ, ಬುಟ್ಟಿಯಿಂದ ಮತ್ತೆ ಪೆಟ್ಟಿಗೆಗೆ. ಏನನ್ನು ತೆಗೆದುಕೊಂಡದ್ದು, ಏನು ಮಾಡಿದ್ದು? ವಾಕ್ಯದಲ್ಲಿ ಇಲ್ಲ. ಪೆಟ್ಟಿಗೆಯಲ್ಲಿ ಏನೇನಿತ್ತು ಅಂತ ಕ್ಲೆಮೆಂಟ್ ಬೇರೆ ಕಡೆ ಪಟ್ಟಿ ಕೊಡುತ್ತಾನೆ ನಿಜ, ಆದರೆ ಅಲ್ಲಿ ಡಯೊನೈಸಸ್‌ನ ಪಂಥವೂ ಬೇರೆಯವೂ ಕಲಸಿಹೋಗಿವೆ. ಇನ್ನೊಂದು ತೊಡಕು ಅಂದರೆ ಅಲೆಕ್ಸಾಂಡ್ರಿಯಾದ ಹೊರವಲಯದಲ್ಲೂ ಎಲ್ಯೂಸಿಸ್ ಅನ್ನೋ ಹೆಸರಿನ ಬಡಾವಣೆ ಇತ್ತು. ಕ್ಲೆಮೆಂಟ್ ಕೇಳಿದ್ದು ಅಲ್ಲಿಯ ಸುದ್ದಿ ಇರಬಹುದು ಅಂತ ವಾದಿಸುವ ವಿದ್ವಾಂಸರಿದ್ದಾರೆ.

ಎರಡನೆಯವನು ಸ್ವಲ್ಪ ಕಾಲದ ನಂತರದ ಹಿಪ್ಪೊಲಿಟಸ್. ಆತನದು ಎಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಗ್ರಂಥದ ದೊಡ್ಡ ಭಾಗ ಅಥೋಸ್ ಬೆಟ್ಟದ ಮಠದಲ್ಲಿ ಸಿಕ್ಕಿದ್ದು 1842ರಲ್ಲಿ. 1851ರಲ್ಲಿ ಅಚ್ಚಾದಾಗ ಅದರ ಮೇಲೆ ಓರಿಜೆನ್ ಅನ್ನೋ ಬೇರೆ ಲೇಖಕನ ಹೆಸರಿತ್ತು. ಅದರಲ್ಲಿ ಎಲ್ಯೂಸಿಸ್‌ನ ಪರಮ ರಹಸ್ಯದ ಸುದ್ದಿ ಬರುತ್ತದೆ: ಮೌನದಲ್ಲಿ ಕೊಯ್ದ ಒಂದು ತೆನೆಯನ್ನು ಎತ್ತಿ ತೋರಿಸುತ್ತಿದ್ದರಂತೆ.

ನನಗೆ ಈ ತೆನೆ ತುಂಬಾ ಇಷ್ಟ. ಎಷ್ಟು ಸರಳ! ಮಣ್ಣಿಗೆ ಬಿದ್ದ ಕಾಳು, ಮೇಲೆ ಬಂದ ತೆನೆ, ಕೆಳಗೆ ಹೋದ ಮಗಳು, ಮರಳಿ ಬಂದ ಮಗಳು. ದವಸದ ದೇವತೆಯ ಗುಡಿಯಲ್ಲಿ ಇದಕ್ಕಿಂತ ಹೊಂದುವುದು ಇನ್ನೇನಿದೆ ಅನ್ನಿಸುತ್ತದೆ. ಆದರೆ ನಮಗೆ ಹೊಂದಿಕೆ ಅನ್ನಿಸಿದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಹಿಪ್ಪೊಲಿಟಸ್ ಇದನ್ನು ಕಂಡು ಬರೆದವನಲ್ಲ. ತಾನು ಖಂಡಿಸಲು ಹೊರಟ ನಾಸೀನ್ ಎಂಬ ಪಂಗಡದ ಬರಹದಿಂದ ಎತ್ತಿಕೊಂಡದ್ದು. ಆ ಪಂಗಡದವರಿಗೋ ಎಲ್ಲ ದೇವರೂ ಒಂದೇ, ಎಲ್ಲ ಪಂಥಗಳೂ ತಮ್ಮದನ್ನೇ ಹೇಳುತ್ತಿವೆ ಅಂತ ತೋರಿಸುವ ಹಟ. ತೆನೆಯ ಮಾತು ಬರುವುದೂ ಫ್ರಿಜಿಯಾದ ಆಟಿಸ್ ದೇವರನ್ನು ಕೊಯ್ದ ಹಸಿರು ತೆನೆ ಅಂತ ಕರೆಯುತ್ತಾರೆ ಅನ್ನುವ ಮಾತಿನ ಬೆನ್ನಿಗೇ. ಅಂದರೆ ನಮ್ಮ ಕೈಗೆ ಸಿಕ್ಕಿರೋದು ಒಬ್ಬ ಎದುರಾಳಿ, ಇನ್ನೊಬ್ಬ ಎದುರಾಳಿಯ ಪುಸ್ತಕದಿಂದ ಎತ್ತಿದ, ಮೂರನೆಯವರ ರಹಸ್ಯದ ಸುದ್ದಿ. ಸುಳ್ಳು ಅಂತ ತಳ್ಳಿಹಾಕಲೂ ಆಗದು, ನಿಜ ಅಂತ ಪಾಠ ಮಾಡಲೂ ಆಗದು.

ಇದಕ್ಕಿಂತ ಹಳೆಯದು, ಪಂಥದ ಒಳಗಿನದೇ ಅನ್ನಬಹುದಾದ್ದು, ಹೋಮರನ ಹೆಸರಿನಲ್ಲಿರುವ ಡಿಮೀಟರ್ ಸ್ತೋತ್ರ. ಹೋಮರ್ ಬರೆದದ್ದಲ್ಲ, ಸುಮಾರು ಕ್ರಿ.ಪೂ. ಏಳನೇ ಅಥವಾ ಆರನೇ ಶತಮಾನದ್ದು. ಮೇಲೆ ನಾನು ಹೇಳಿದ ಕತೆ ಅಲ್ಲಿಯದೇ. ಉಪವಾಸ, ಪಂಜು, ಬಾರ್ಲಿ ಹಾಕಿದ ಪಾನೀಯ ಎಲ್ಲ ಅದರಲ್ಲಿವೆ. ಆದರೆ ಈ ಸ್ತೋತ್ರ ಕೂಡ ಒಂದು ಕೂದಲೆಳೆಯಲ್ಲಿ ಉಳಿದದ್ದು. 1777ರಲ್ಲಿ ಮಾಸ್ಕೋದಲ್ಲಿ ಮತ್ತೈ ಎಂಬ ಜರ್ಮನ್ ವಿದ್ವಾಂಸನಿಗೆ ಹದಿನೈದನೇ ಶತಮಾನದ ಒಂದು ಹಸ್ತಪ್ರತಿ ಸಿಕ್ಕಿತು. ಕೊಟ್ಟಿಗೆಯಲ್ಲಿ ಕೋಳಿ ಹಂದಿಗಳ ನಡುವೆ ಬಿದ್ದಿತ್ತು ಎಂಬ ಕತೆಯೂ ಅದಕ್ಕೆ ಅಂಟಿಕೊಂಡಿದೆ. ಪೂರ್ತಿ ಸ್ತೋತ್ರ ಇರುವ ಹಸ್ತಪ್ರತಿ ಅದೊಂದೇ, ಈಗ ನೆದರ್ಲೆಂಡ್ಸಿನ ಲೈಡನ್ನಿನಲ್ಲಿದೆ. ಅದರಲ್ಲೂ ಒಂದು ಹಾಳೆ ಹರಿದು ಕೆಲವು ಸಾಲುಗಳು ತುಂಡಾಗಿವೆ. ಆ ಪ್ರತಿಯೂ ಹಾಳಾಗಿದ್ದರೆ? ಎಲ್ಯೂಸಿಸ್ ಬಗ್ಗೆ ನಾವು ಹೇಳುವ ಅರ್ಧ ಮಾತು ಇರುತ್ತಲೇ ಇರಲಿಲ್ಲ. ಮತ್ತೆ ಆ ಸ್ತೋತ್ರವೂ ಕೊನೆಗೆ ಇದನ್ನು ಕಂಡವರು ಧನ್ಯರು, ಕಾಣದವರ ಪಾಡು ಸತ್ತ ಮೇಲೆ ಬೇರೆ ಅಂತಷ್ಟೇ ಹೇಳಿ, ಕಂಡದ್ದೇನು ಅನ್ನೋದನ್ನು ಬಾಯಿಬಿಟ್ಟು ಹೇಳಬಾರದು ಎಂದು ನಿಲ್ಲಿಸುತ್ತದೆ.

ಬರಹ ಕೈಕೊಟ್ಟರೆ ನೆಲ ಅಗೆಯಬೇಕು. ಗ್ರೀಕ್ ಪುರಾತತ್ವ ಸಂಘ 1882ರಿಂದ ಅಲ್ಲಿ ಅಗೆಯಿತು. ಸಭಾಮಂದಿರದ ತಳಪಾಯ ಸಿಕ್ಕಿತು. ಪೆರಿಕ್ಲಿಸ್ ಕಾಲದ ಕಟ್ಟಡ ಒಂದೊಂದು ಬದಿಗೆ ಸುಮಾರು 50 ಮೀಟರ್, ಒಳಗೆ 42 ಕಂಬ, ಸುತ್ತ ಗೋಡೆಗುಂಟ ಎಂಟು ಮೆಟ್ಟಿಲು. ಸುಮಾರು ಮೂರು ಸಾವಿರ ಜನ ಹಿಡಿಯುತ್ತದೆ ಅಂತ ಅಂದಾಜು. ಈ ಕಂಬಗಳಿಂದ ಒಂದು ವಿಷಯ ಹೊಳೆಯುತ್ತದೆ: ಅಲ್ಲಿ ರಂಗಮಂದಿರದಂಥ ನಾಟಕ ಆಡಿದ್ದರೆ ಬಹಳ ಜನಕ್ಕೆ ಏನೂ ಕಾಣುತ್ತಿರಲಿಲ್ಲ. ಕಲ್ಲು ಇಷ್ಟು ಹೇಳುತ್ತದೆ. ಕತ್ತಲಲ್ಲಿ ಏನು ಹಾಡಿದರು, ಏನು ಎತ್ತಿ ಹಿಡಿದರು ಅನ್ನೋದನ್ನು ಕಲ್ಲು ಹೇಳದು. ಅಲ್ಲೇ ವರ್ಷಗಟ್ಟಲೆ ದುಡಿದ ಜಾರ್ಜ್ ಮೈಲೋನಾಸ್ 1961ರ ತಮ್ಮ ಪುಸ್ತಕದಲ್ಲಿ ರಹಸ್ಯ ನಮಗೆ ಸಿಕ್ಕಿಲ್ಲ ಅಂತಲೇ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ದೊಡ್ಡದು.

ಅದೇ ಮೈಲೋನಾಸ್ ಇನ್ನೊಂದು ಕಡೆ ಸಾಕ್ಷಿಗಿಂತ ಮುಂದೆ ಹೋದರು ಅನ್ನಬೇಕು. ಮಂದಿರದ ತಳದಲ್ಲಿ ಮೈಸೀನಿಯನ್ ಕಾಲದ, ಅಂದರೆ ಕ್ರಿ.ಪೂ. ಎರಡನೇ ಸಹಸ್ರಮಾನದ, ಒಂದು ಕಟ್ಟಡ ಸಿಕ್ಕಿತು. ಇದೇ ಡಿಮೀಟರಳ ಮೊದಲ ಗುಡಿ ಅಂತ ಅವರ ವಾದ. ವಿಡಿಯೋದಲ್ಲಿ ಬಂದ "ಎರಡು ಸಾವಿರ ವರ್ಷ" ಹುಟ್ಟಿದ್ದೇ ಈ ವಾದದಿಂದ. 1981ರಲ್ಲಿ ಫ್ರೆಂಚ್ ವಿದ್ವಾಂಸ ಪಾಸ್ಕಲ್ ದಾರ್ಕ್ ಅದು ಯಾರೋ ದೊಡ್ಡವರ ಮನೆಯೂ ಆಗಿರಬಹುದಲ್ಲ ಅಂತ ಕೇಳಿದರು. ಆಮೇಲೆ ಮೈಕಲ್ ಕಾಸ್ಮೊಪೌಲೋಸ್ ಹಳೆಯ ಉತ್ಖನನದ ವಸ್ತುಗಳನ್ನು ಮತ್ತೆ ಪರೀಕ್ಷಿಸಿ, ಸುಟ್ಟ ಹಂದಿ ಎಲುಬುಗಳ ಆಧಾರದ ಮೇಲೆ ಅಲ್ಲಿ ಬಲಿ ನಡೆಯುತ್ತಿತ್ತು ಅಂದರು. ಸರಿ, ಬಲಿ ನಡೆಯಿತು. ಯಾವ ದೇವರಿಗೆ? ಎಲುಬಿನ ಮೇಲೆ ಹೆಸರು ಬರೆದಿರುವುದಿಲ್ಲ.

ಈಗ ಆ ಪಾನೀಯದ ವಿಷಯ. 1978ರಲ್ಲಿ ವಾಸನ್, ಹಾಫ್‌ಮನ್, ರಕ್ ಎಂಬ ಮೂವರು ಸೇರಿ ಒಂದು ಪುಸ್ತಕ ಬರೆದರು. ಈ ಹಾಫ್‌ಮನ್ ಎಲ್‌ಎಸ್‌ಡಿ ಕಂಡುಹಿಡಿದ ರಸಾಯನಶಾಸ್ತ್ರಜ್ಞ. ಎಲ್‌ಎಸ್‌ಡಿ ಬಂದದ್ದು ದವಸದ ತೆನೆಗೆ ತಗಲುವ ಎರ್ಗಾಟ್ ಎಂಬ ಬೂಷ್ಟಿನ ಮೇಲಿನ ಸಂಶೋಧನೆಯಿಂದ. ಕಿಕಿಯಾನ್‌ನಲ್ಲಿ ಬಾರ್ಲಿ ಇತ್ತು, ಬಾರ್ಲಿಗೆ ಎರ್ಗಾಟ್ ಹಿಡಿಯುತ್ತದೆ, ಹಾಗಾಗಿ ಜನ ಕಂಡದ್ದು ಆ ಮತ್ತಿನ ದರ್ಶನ ಅಂತ ವಾದ. ಸ್ಪೇನಿನ ಮಾಸ್ ಕಾಸ್ಟೆಲ್ಲಾರ್‌ನಲ್ಲಿ ಒಂದು ಪಾತ್ರೆಯಲ್ಲೂ ಒಂದು ದವಡೆಯ ಹಲ್ಲಿನ ಪಾಚಿಯಲ್ಲೂ ಎರ್ಗಾಟ್ ಕುರುಹು ಸಿಕ್ಕಿದೆ. 2020ರಲ್ಲಿ ಬಂದ ಮುರರೆಸ್ಕು ಪುಸ್ತಕ ಇದನ್ನು ಮನೆಮನೆಗೆ ತಲುಪಿಸಿತು.

ವಾದ ಅಸಾಧ್ಯವೇನಲ್ಲ. ಆದರೆ ಸ್ಪೇನ್ ಎಲ್ಯೂಸಿಸ್ ಅಲ್ಲ. ಎಲ್ಯೂಸಿಸ್‌ನಲ್ಲೇ ದೀಕ್ಷೆಯ ಪಾತ್ರೆಯಿಂದ ಇಂಥ ಕುರುಹು ಸಿಕ್ಕಿಲ್ಲ. ಸ್ತೋತ್ರ ಹೇಳುವುದು ನೀರು, ಬಾರ್ಲಿ, ಪುದೀನ ಜಾತಿಯ ಒಂದು ಸೊಪ್ಪು, ಇಷ್ಟನ್ನೇ. ಕಿಕಿಯಾನ್ ಅಂದರೆ 'ಕಲಸಿದ್ದು' ಅಂತಷ್ಟೇ ಅರ್ಥ. ಇಲಿಯಡ್‌ನಲ್ಲಿ ಯೋಧರು ದಣಿವಾರಿಸಿಕೊಳ್ಳಲು ಕುಡಿಯುವ, ವೈನು ಚೀಸು ಬೆರೆಸಿದ ಪಾನೀಯಕ್ಕೂ ಅದೇ ಹೆಸರು. ಎರ್ಗಾಟ್ ಅಂದರೆ ಕೈಕಾಲು ಕೊಳೆಯಿಸುವ, ಸೆಳೆತ ತರಿಸುವ ವಿಷ. ಪ್ರತಿ ವರ್ಷ ಸಾವಿರಾರು ಜನಕ್ಕೆ, ಒಬ್ಬರಿಗೂ ಹೆಚ್ಚುಕಮ್ಮಿಯಾಗದಂತೆ, ಶತಮಾನಗಟ್ಟಲೆ ಅಳೆದು ಕೊಟ್ಟರು ಅನ್ನುವುದಕ್ಕೆ ತುಂಬಾ ಗಟ್ಟಿ ಸಾಕ್ಷಿ ಬೇಕು. ನನಗೆ ಇದಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಬೇರೆ. ದಿನವಿಡೀ ಉಪವಾಸ, ಇಪ್ಪತ್ತು ಕಿಲೋಮೀಟರ್ ನಡಿಗೆ, ರಾತ್ರಿ, ಗುಂಪು, ಕತ್ತಲು, ದಿಢೀರನೆ ಬೆಳಕು. ಇಷ್ಟು ಸಾಲದು, ಒಳಗೊಂದು ರಾಸಾಯನಿಕ ಇರಲೇಬೇಕು ಅಂತ ನಮಗೆ ಯಾಕೆ ಅನ್ನಿಸುತ್ತದೆ?

ಖಾಲಿ ಜಾಗ ಕಂಡರೆ ನಮ್ಮದನ್ನು ತುಂಬುವ ಚಪಲ ಹೊಸದಲ್ಲ. ಇದರಲ್ಲಿ ಭಾರತದ ಪಾಲೂ ಇದೆ. ಎಲ್ಯೂಸಿಸ್‌ನಲ್ಲಿ ದೀಕ್ಷೆ ಮುಗಿದಾಗ 'ಕಾಂಕ್ಸ್ ಓಂಪಾಕ್ಸ್' ಅಂತ ಕೂಗುತ್ತಿದ್ದರು ಎಂದು ಯುರೋಪಿನ ವಿದ್ವಾಂಸರು ಬಹಳ ಕಾಲ ನಂಬಿದ್ದರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಾಶಿಯಲ್ಲಿದ್ದ ಫ್ರಾನ್ಸಿಸ್ ವಿಲ್‌ಫರ್ಡ್ ಎಂಬ ಕಂಪನಿ ಅಧಿಕಾರಿ, ಕಲ್ಕತ್ತಾದ 'ಏಷ್ಯಾಟಿಕ್ ರಿಸರ್ಚಸ್' ಸಂಪುಟದಲ್ಲಿ ಇದು ಸಂಸ್ಕೃತವೇ ಅಂತ ಬರೆದ. ನಡುವೆ ಓಂ ಇದೆಯಲ್ಲ, ಇನ್ನೇನು ಬೇಕು! 1829ರಲ್ಲಿ ಲೋಬೆಕ್ ಎಂಬ ಜರ್ಮನ್ ಪಂಡಿತ ಮೂಲ ನೋಡಿದ. ಅದು ಹೆಸಿಕಿಯಸ್‌ನ ನಿಘಂಟಿನ ಒಂದು ನಮೂದು. ಅದೂ ಒಂದೇ ಹಸ್ತಪ್ರತಿಯಲ್ಲಿ ಉಳಿದದ್ದು. 'ಕಾಂಕ್ಸ್: ಪಾಕ್ಸ್ ಎಂಬುದರ ಹಾಗೆಯೇ' ಅಂತ ಇರಬೇಕಾದ ಕಡೆ 'ಹಾಗೆಯೇ' ಎಂಬ ಅರ್ಥದ ಗ್ರೀಕ್ ಪದ ಮುರಿದು 'ಓಂ' ಆಗಿತ್ತು. ಎರಡೂ ಬರೀ ಉದ್ಗಾರಗಳು, ಎಲ್ಯೂಸಿಸ್ ಹೆಸರೇ ಅಲ್ಲಿಲ್ಲ. ವಿಲ್‌ಫರ್ಡನ ಕತೆ ಇನ್ನೂ ಪಾಪದ್ದು. ತಾನು ನಂಬಿದ್ದ ಪಂಡಿತ ಪುರಾಣದ ಹಸ್ತಪ್ರತಿಗಳನ್ನೇ ತಿದ್ದಿ, ತನಗೆ ಬೇಕಾದ ಹೆಸರುಗಳನ್ನು ಸೇರಿಸಿಕೊಟ್ಟಿದ್ದ ಅಂತ ಆಮೇಲೆ ಗೊತ್ತಾಗಿ, 1805ರಲ್ಲಿ ಅದನ್ನು ಅಚ್ಚಿನಲ್ಲೇ ಒಪ್ಪಿಕೊಂಡ. ಹುಡುಕುವವನಿಗೆ ಏನು ಬೇಕು ಅಂತ ಊರಿಗೆಲ್ಲ ಗೊತ್ತಿದ್ದರೆ ಅದು ಸಿಕ್ಕೇ ಸಿಗುತ್ತದೆ.

ಹಾಗಂತ ಭಾರತದ ನಂಟು ಪೂರ್ತಿ ಕಲ್ಪನೆಯಲ್ಲ. ಕ್ರಿ.ಪೂ. 20ರ ಸುಮಾರಿಗೆ ಭಾರತದಿಂದ ಅಗಸ್ಟಸ್‌ನ ಬಳಿಗೆ ಒಂದು ರಾಯಭಾರ ಹೋಯಿತು. ಅದರ ಜೊತೆ ಹೋಗಿದ್ದ ಒಬ್ಬ ಅಥೆನ್ಸ್‌ನಲ್ಲಿ ಎಲ್ಲರ ಮುಂದೆ ನಗುತ್ತಾ ಚಿತೆಗೆ ಹಾರಿದ. ಭೂಗೋಳಕಾರ ಸ್ಟ್ರಾಬೊ ಅವನ ಸಮಾಧಿಯ ಮೇಲಿನ ಬರಹದ ಸಾರ ಕೊಡುತ್ತಾನೆ: ಹೆಸರು ಜಾರ್ಮನೋಖೆಗಾಸ್, ಊರು ಬಾರ್ಗೋಸ, ಅಂದರೆ ಬಹುಶಃ ನಮ್ಮ ಭರೂಚ್. ಹೆಸರಿನೊಳಗೆ 'ಶ್ರಮಣ' ಪದ ಇದೆ ಅನ್ನುತ್ತಾರೆ. ಈ ಭಾರತೀಯ ಸಾಯುವ ಮುಂಚೆ ಎಲ್ಯೂಸಿಸ್ ದೀಕ್ಷೆ ಪಡೆದ, ಅಗಸ್ಟಸ್‌ಗೋಸ್ಕರ ಅಕಾಲದಲ್ಲಿ ದೀಕ್ಷೆ ನಡೆಸಿದ್ದರು ಎಂದು ಹೇಳುವವನು ಡಿಯೊ ಕ್ಯಾಸಿಯಸ್. ಆತ ಬರೆದದ್ದು ಘಟನೆಯಾಗಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಹತ್ತಿರದ ಕಾಲದ ಸ್ಟ್ರಾಬೊ ದೀಕ್ಷೆಯ ಮಾತೇ ಎತ್ತುವುದಿಲ್ಲ. ನಿಜವಾಗಿದ್ದರೆ ಆ ಕತ್ತಲ ಮಂದಿರದಲ್ಲಿ ಒಬ್ಬ ಭರೂಚಿನವನು ನಿಂತಿದ್ದ. ನಿಜ ಆಗಿರಲಿ ಅಂತ ನನಗೆ ಆಸೆ. ಆಸೆ ಇರುವ ಕಡೆಯೇ ಇನ್ನೊಂದು ಸಲ ಎಣಿಸಿ ನೋಡಬೇಕು.

ದೀಕ್ಷೆಯ ಬಗ್ಗೆ ಹಳಬರು ಹೇಳಿದ ಒಂದು ಮಾತು ನನಗೆ ಇಲ್ಲಿ ನೆನಪಾಗುತ್ತದೆ. ಅರಿಸ್ಟಾಟಲನ ಅಭಿಪ್ರಾಯ ಅಂತ ಸಿನೇಸಿಯಸ್ ಎಂಬವನು ಏಳು ನೂರಕ್ಕೂ ಹೆಚ್ಚು ವರ್ಷಗಳ ನಂತರ ದಾಖಲಿಸಿದ್ದು: ದೀಕ್ಷೆಗೆ ಹೋದವರು ಏನನ್ನೋ ಕಲಿಯುವುದಕ್ಕಲ್ಲ, ಒಂದನ್ನು ಅನುಭವಿಸುವುದಕ್ಕೆ ಹೋಗುತ್ತಾರೆ. ಅದು ನಿಜವಾದರೆ ಬುಟ್ಟಿಯ ಮುಚ್ಚಳ ತೆಗೆದು ತೋರಿಸಿದ್ದರೂ ನಮಗೆ ಸಿಗುವುದು ಒಂದು ತೆನೆ, ಇಲ್ಲವೇ ಒಂದು ಹಿಡಿ ಉಪ್ಪು. ಅದನ್ನು ನೋಡಿ ಸಾವಿನ ಭಯ ಕಳೆದುಕೊಂಡವರ ಎದೆ ಅದರಲ್ಲಿರುವುದಿಲ್ಲ.

ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿ ಎಲ್ಯೂಸಿಸ್‌ನ ಒಂದು ಅಮೃತಶಿಲೆಯ ಹೆಣ್ಣುಮೂರ್ತಿ ಇದೆ. ತಲೆಯ ಮೇಲೆ ಆ ಮುಚ್ಚಿದ ಪೆಟ್ಟಿಗೆ, ಹೊರಗೆಲ್ಲ ತೆನೆ ಹೂಗಳ ಕೆತ್ತನೆ. 1801ರಲ್ಲಿ ಕ್ಲಾರ್ಕ್ ಎಂಬ ಇಂಗ್ಲಿಷರವನು ಅದನ್ನು ಹೊತ್ತೊಯ್ಯುವಾಗ ಊರಿನ ರೈತರು ಅದರ ಕುತ್ತಿಗೆವರೆಗೆ ಗೊಬ್ಬರ ಗುಡ್ಡೆ ಹಾಕಿದ್ದರು. ಮೂರ್ತಿ ಹೋದರೆ ಬೆಳೆ ಕೆಡುತ್ತದೆ ಅಂತ ಬೇಡಿಕೊಂಡರು. ದೀಕ್ಷೆ ನಿಂತು ಆಗಲೇ ಸಾವಿರದ ನಾನೂರು ವರ್ಷವಾಗಿತ್ತು, ಅವರೆಲ್ಲ ಕ್ರೈಸ್ತರು. ಅವರ ನಂಬಿಕೆ ಹಳೆಯ ಪಂಥದ ಉಳಿಕೆಯೋ, ಹೊಲದಲ್ಲಿ ನಿಂತ ಕಲ್ಲಿನ ಹೆಂಗಸನ್ನು ನೋಡಿ ಹೊಸದಾಗಿ ಹುಟ್ಟಿದ್ದೋ, ಅದಕ್ಕೂ ಸಾಕ್ಷಿ ಇಲ್ಲ.

ಇಷ್ಟನ್ನೂ ಅಕ್ಕನ ಮಗನಿಗೆ ಓದಿಸಿದೆ. "ಅಂದ್ರೆ ಗೊತ್ತಿಲ್ಲ ಅಂತಲೇ ಆಯ್ತಲ್ಲ ಮಾಮಾ" ಅಂದ. ಹೌದು, ಅದೇ ಉತ್ತರ. ಆದರೆ ಈಗ ಏನೇನು ಗೊತ್ತಿಲ್ಲ, ಯಾಕೆ ಗೊತ್ತಿಲ್ಲ ಅನ್ನೋದು ಅವನಿಗೂ ಗೊತ್ತು. ವಿಡಿಯೋ ಮಾಡಿದವರು ಹೇಳದೆ ಬಿಟ್ಟದ್ದು ಅಷ್ಟನ್ನೇ.